ಶುಕ್ರವಾರಕ್ಕೆ ಸರಿಸಿದ ಶನಿವಾರ

ನಮ್ಮವರನ್ನು ಕೊಂಕಣದ ಹಳ್ಳಿಗಳಲ್ಲಿ ‘ಶನವಾರ ತೇಲಿ’ ಎಂದು ಕರೆಯುತ್ತಿದ್ದರು. ಶನಿವಾರದ ಗಾಣಿಗರು ಎಂದು ಅರ್ಥ. ಎಣ್ಣೆ ತೆಗೆಯುವುದು ಕಸುಬು, ಆದರೆ ಶನಿವಾರ ಗಾಣಕ್ಕೆ ಎತ್ತು ಕಟ್ಟುತ್ತಿರಲಿಲ್ಲ. ಯಾಕೆ ಎಂದು ಯಾರಾದರೂ ಕೇಳಿದರೆ ನಮ್ಮವರಿಗೂ ಸರಿಯಾಗಿ ಗೊತ್ತಿರಲಿಲ್ಲ. ಎಂದೋ ಸಮುದ್ರದ ಮೇಲೆ ಬಂದ ಯಹೂದಿಗಳು ನಾವು. ಹಡಗು ಒಡೆದು ದಡ ಸೇರಿದಾಗ ಪುಸ್ತಕಗಳೆಲ್ಲ ನೀರುಪಾಲಾದವು ಎಂದು ನಮ್ಮಲ್ಲಿ ಹೇಳುತ್ತಾರೆ. ಹೀಬ್ರೂ ಮರೆತುಹೋಯಿತು, ಪ್ರಾರ್ಥನೆಗಳು ಮರೆತವು, ಹಬ್ಬಗಳಿಗೆ ಮರಾಠಿ ಹೆಸರು ಬಂತು. ಶನಿವಾರ ಒಂದು ಉಳಿಯಿತು. ಹುಬ್ಬಳ್ಳಿಯ ರೈಲ್ವೆ ಕ್ವಾರ್ಟರ್ಸಿನ ಜಗುಲಿಯಲ್ಲಿ ಕೂತು ನನ್ನ ಅಜ್ಜಿ ಈ ಮಾತು ಹೇಳುವಾಗ ಅವಳ ಮೂಗು ಅರಳುತ್ತಿತ್ತು.

ಮನೆಯಲ್ಲಿ ಮರಾಠಿ, ಓಣಿಯಲ್ಲಿ ಕನ್ನಡ, ಪ್ರಾರ್ಥನೆಗೆ ಎಷ್ಟೋ ತಲೆಮಾರಿನ ಮೇಲೆ ಮತ್ತೆ ಕಲಿತ ಹೀಬ್ರೂ. ಶಾಲೆ ಕನ್ನಡದ್ದು. ಜಗಳಕ್ಕೆ ಕನ್ನಡವೇ ಸರಿ ಎಂದು ನನಗೆ ಚಿಕ್ಕಂದಿನಲ್ಲೇ ಗೊತ್ತಾಗಿತ್ತು. ಹಾಗಾಗಿ ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ.

ಎಂಬತ್ತರ ದಶಕ ಅರ್ಧ ಕಳೆದಿದ್ದಾಗ ಗಂಡನ ಹಿಂದೆ ಒಮಾನಿಗೆ ಬಂದೆ. ಅವರು ಮಸ್ಕತ್ತಿನ ಒಂದು ಕಂಪನಿಯಲ್ಲಿ ಅಕೌಂಟ್ಸ್ ನೋಡುತ್ತಿದ್ದರು. ಒಬ್ಬಳೇ ಮಗಳು, ಆಗಿನ್ನೂ ಹಲ್ಲು ಬೀಳುವ ವಯಸ್ಸು. ಅಲ್ ಗುಬ್ರಾದಲ್ಲಿ ಫ್ಲ್ಯಾಟು. ಹಿಂದಿನ ಕಿಟಕಿ ತೆಗೆದರೆ ಸಮುದ್ರದ ನೀರನ್ನು ಕುಡಿಯುವ ನೀರು ಮಾಡುವ ಸ್ಥಾವರದ ಚಿಮಣಿಗಳು. ಎದುರು ಫ್ಲ್ಯಾಟಿನಲ್ಲಿ ಉಡುಪಿ ಕಡೆಯ ತುಳು ಮಾತಾಡುವ ಅಕ್ಕ. ಕೆಳಗೆ ಒಬ್ಬರು ಬ್ಯಾರಿಗಳ ದಿನಸಿ ಅಂಗಡಿ. ಎಲ್ಲಿಗೆ ಹೋಗಬೇಕಾದರೂ ಕಾರು ಬೇಕು, ಕಾರು ಗಂಡನ ಕೈಯಲ್ಲಿ. ಮೊದಲ ಕೆಲವು ತಿಂಗಳು ಈ ದೇಶದಲ್ಲಿ ನಮ್ಮವರು ಬೇರೆ ಯಾರೂ ಇಲ್ಲ ಎಂದೇ ತಿಳಿದಿದ್ದೆ.

ಇದ್ದರು. ಬೆರಳೆಣಿಕೆಯಷ್ಟು ಮನೆಗಳು. ದೂರದ ರುಸ್ತಾಕಿನಲ್ಲಿ ಒಬ್ಬಳು ನರ್ಸು, ಅವಳ ಗಂಡ, ಮಕ್ಕಳು. ಸುವೈಕಿನಲ್ಲಿ ಎ.ಸಿ. ರಿಪೇರಿ ಅಂಗಡಿ ನಡೆಸುತ್ತಿದ್ದ ಒಬ್ಬನ ಕುಟುಂಬ. ಮಸ್ಕತ್ತಿನಲ್ಲೇ ರೂವಿಯಲ್ಲಿ ಒಬ್ಬರು ಹಿರಿಯರು, ದೊಡ್ಡ ಕಂಪನಿಯ ಮ್ಯಾನೇಜರು. ನಾವೆಲ್ಲ ಅವರನ್ನು ಕಾಕಾ ಎನ್ನುತ್ತಿದ್ದೆವು. ಕಾಕಾನ ತಂದೆ ಮುಂಬಯಿಯ ಒಂದು ಸಿನಗಾಗಿನಲ್ಲಿ, ಅಂದರೆ ನಮ್ಮ ಪ್ರಾರ್ಥನಾಮಂದಿರದಲ್ಲಿ, ಪ್ರಾರ್ಥನೆ ನಡೆಸುತ್ತಿದ್ದವರು. ಹಾಗಾಗಿ ಕಾಕಾನಿಗೆ ಎಲ್ಲವೂ ಬಾಯಿಪಾಠ, ಕಂಠವೂ ಒಳ್ಳೆಯದು. ಆ ಕಂಠಕ್ಕೆ ನಾನು ಈಗಲೂ ಮರ್ಯಾದೆ ಕೊಡುತ್ತೇನೆ. ಮಿಕ್ಕಿದ್ದಕ್ಕೆ ಕೊಡುವುದಿಲ್ಲ.

ನಮ್ಮ ಮನೆಯ ಹಾಲ್ ದೊಡ್ಡದಿತ್ತು, ಆದ್ದರಿಂದ ಎಲ್ಲರೂ ನಮ್ಮಲ್ಲೇ ಸೇರುತ್ತಿದ್ದರು. ನಾನು ಹಿಂದಿನ ದಿನವೇ ಒಣದ್ರಾಕ್ಷಿ ನೆನೆಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ ಶರಬತ್ತು ಮಾಡಿಡುತ್ತಿದ್ದೆ. ವೈನಿನ ಬದಲು ನಮ್ಮವರು ತಲೆಮಾರುಗಳಿಂದ ಅದನ್ನೇ ಇಟ್ಟು ಪ್ರಾರ್ಥನೆ ಹೇಳುವುದು. ಯಾರ ಮಗುವಾದರೂ ಪಾಸಾದರೆ, ಯಾರಾದರೂ ಹೊಸ ಕಾರು ಕೊಂಡರೆ ಮಲೀದಾ ಇರುತ್ತಿತ್ತು: ಬೆಂಕಿಯ ರಥದಲ್ಲಿ ಆಕಾಶಕ್ಕೆ ಹೋದ ಪ್ರವಾದಿಯ ಹೆಸರಿನಲ್ಲಿ ಒಂದು ದೊಡ್ಡ ತಟ್ಟೆ ಅವಲಕ್ಕಿ, ಬೆಲ್ಲ, ತೆಂಗಿನಕಾಯಿ ತುರಿ, ಏಲಕ್ಕಿ, ಸುತ್ತ ಹಣ್ಣು. ರುಸ್ತಾಕಿನವಳು ಖರ್ಜೂರ ತರುತ್ತಿದ್ದಳು, ಸುವೈಕಿನವರು ನಿಂಬೆಹಣ್ಣು ತರುತ್ತಿದ್ದರು. ಊಟವಾದ ಮೇಲೆ ಗಂಡಸರು ನಿದ್ದೆಗೆ, ನಾನು ಮಕ್ಕಳನ್ನು ಕೂರಿಸಿಕೊಂಡು ಪಾಠಕ್ಕೆ. ಅಕ್ಷರ, ಸಣ್ಣ ಪ್ರಾರ್ಥನೆ, ಒಂದು ಕತೆ. ನಾನು ಮರಾಠಿಯಲ್ಲಿ ಕೇಳಿದ್ದಕ್ಕೆ ಅವು ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದವು. ಆ ಪಾಠ ನನ್ನ ಜೀವವಾಗಿತ್ತು. ವಾರವಿಡೀ ಅಡಿಗೆಮನೆಯಲ್ಲಿ ನಿಂತು ಮುಂದಿನ ಕತೆ ಯೋಚಿಸುತ್ತಿದ್ದೆ.

ಇದೆಲ್ಲ ನಡೆಯುತ್ತಿದ್ದುದು ಶುಕ್ರವಾರ.

ಅಲ್ಲಿ ಆಗ ಗುರುವಾರ, ಶುಕ್ರವಾರ ರಜೆ. ಶನಿವಾರ ಬೆಳಿಗ್ಗೆ ಎಲ್ಲ ಶುರು: ಆಫೀಸು, ಸ್ಕೂಲು, ಬ್ಯಾಂಕು, ತರಕಾರಿ ಲಾರಿ. ನಮ್ಮ ವಿಶ್ರಾಂತಿಯ ದಿನವಾದರೋ ಶುಕ್ರವಾರ ಸಂಜೆ ದೀಪ ಹಚ್ಚಿದಲ್ಲಿಂದ ಶನಿವಾರ ಸಂಜೆ ನಕ್ಷತ್ರ ಕಾಣುವವರೆಗೆ. ಅದಕ್ಕೇ ಶಬ್ಬಾತ್ ಅನ್ನುವುದು. ನಾವು ಬರುವ ಮುಂಚೆಯೇ ಕಾಕಾ ಇದಕ್ಕೊಂದು ದಾರಿ ಮಾಡಿದ್ದರು. ಇಡೀ ಶಬ್ಬಾತನ್ನು ಎತ್ತಿ ಒಂದು ದಿನ ಹಿಂದಕ್ಕೆ ಇಟ್ಟಿದ್ದರು. ಗುರುವಾರ ಸಂಜೆ ದೀಪ, ಶುಕ್ರವಾರ ಪ್ರಾರ್ಥನೆ, ಶುಕ್ರವಾರ ಕತ್ತಲಾಗುತ್ತಲೇ ಮುಗಿಯಿತು. “ದೇವರಿಗೆ ಗಲ್ಫಿನ ಕ್ಯಾಲೆಂಡರ್ ಗೊತ್ತು” ಎಂದು ನಗುತ್ತಿದ್ದರು. ಇನ್ನೊಂದು ಕಾರಣವನ್ನು ನಗದೆ ಹೇಳುತ್ತಿದ್ದರು: ಶುಕ್ರವಾರ ಊರೆಲ್ಲ ರಜೆಯಲ್ಲಿ, ಪ್ರಾರ್ಥನೆಯಲ್ಲಿ ಇರುತ್ತದೆ, ಒಂದಿಷ್ಟು ಜನ ಒಂದು ಮನೆಯಲ್ಲಿ ಸೇರಿದರೆ ಯಾರೂ ತಿರುಗಿ ನೋಡುವುದಿಲ್ಲ.

ನಾವು ಯಾರೆಂದು ಯಾರಿಗೂ ಹೇಳಬಾರದು ಎಂಬುದು ಕಾಕಾನ ಮೊದಲ ನಿಯಮ. ಹೇಳಿದ್ದರೆ ಏನಾಗುತ್ತಿತ್ತೋ ನನಗೆ ಗೊತ್ತಿಲ್ಲ. ಹೇಳಿ ನೋಡಿದವರು ಯಾರೂ ಇರಲಿಲ್ಲ. ಕಫೀಲ್, ಅಂದರೆ ವೀಸಾ ಕೊಡಿಸಿದ ಅರಬ್ ಧಣಿ, ಏನಂದಾನು, ವೀಸಾ ಏನಾದೀತು ಎಂದು ಎಲ್ಲರೂ ಒಬ್ಬರಿಗೊಬ್ಬರು ಹೆದರಿಸಿಕೊಂಡೇ ಇದ್ದರು. ನಮ್ಮ ಅಡ್ಡಹೆಸರಿನ ಕೊನೆಗೆ ಕೊಂಕಣದ ಹಳ್ಳಿಗರಿಗಿರುವ ‘ಕರ್’ ಇದ್ದುದರಿಂದ ಅರ್ಧ ಜನ ನಮ್ಮನ್ನು ಮರಾಠರು ಎಂದುಕೊಳ್ಳುತ್ತಿದ್ದರು. ಮೊದಲ ಹೆಸರು ಕೇಳಿದವರು ಕ್ರೈಸ್ತರು ಎಂದುಕೊಳ್ಳುತ್ತಿದ್ದರು. ಎರಡಕ್ಕೂ ನಾವು ತಲೆ ಆಡಿಸುತ್ತಿದ್ದೆವು. ಕೆಳಗಿನ ಅಂಗಡಿಯವರು “ಪ್ರತಿ ವಾರ ಇಷ್ಟು ದ್ರಾಕ್ಷೆ ಎಂತಕ್ಕೆ ಅಕ್ಕಾ, ಪಾಯಸವಾ?” ಎಂದರೆ ಹೌದು, ಪಾಯಸ. ಕಾವಲುಗಾರ ಕೇಳಿದರೆ ಮಕ್ಕಳ ಟ್ಯೂಷನ್. ಎದುರು ಮನೆಯ ಅಕ್ಕ ಪ್ರೀತಿಯಿಂದ ಎಟ್ಟಿ, ಅಂದರೆ ಸಿಗಡಿ, ಸುಕ್ಕ ಮಾಡಿ ತಂದುಕೊಟ್ಟಾಗ ನನಗೆ ಅಲರ್ಜಿ. ಹುರುಪೆ ಇಲ್ಲದ ಜಲಚರ ನಮಗೆ ಆಗದು ಎಂದು ಹೇಳಲು ಬಾಯಿಲ್ಲ. ಮತ್ತೊಮ್ಮೆ ತಂದಾಗ ಗಂಡನಿಗೂ ಅಲರ್ಜಿ, ಮಗಳಿಗೂ ಅಲರ್ಜಿ.

“ಇದೆಂತ ಮಾರಾಯ್ತಿ, ಮನೆಯವರಿಗೆಲ್ಲ ಒಟ್ಟಿಗೇ ಅಲರ್ಜಿ?” ಎಂದು ಆ ಅಕ್ಕ ನನ್ನ ಮುಖವನ್ನೇ ನೋಡಿದರು. ಬಾಗಿಲು ಹಾಕಿಕೊಂಡು ಬಂದು ಗಂಡನ ಮೇಲೆ ಹರಿಹಾಯ್ದೆ. ಅವರೇನು ಮಾಡಿಯಾರು, ಪಾಪ, ಪೇಪರು ಓದುತ್ತಿದ್ದರು.

ಹೀಗೆ ವರ್ಷಗಳು ಹೋದವು. ನಾನೂ ಗುರುವಾರ ದೀಪ ಹಚ್ಚಿದೆ. ಮನಸ್ಸಿಗೆ ಚುಚ್ಚುತ್ತಿತ್ತು, ಆದರೆ ಹತ್ತು ಕೆಲಸದ ನಡುವೆ ಚುಚ್ಚಿದ್ದು ಮರೆತೂ ಹೋಗುತ್ತಿತ್ತು.

ಮಗಳು ಎಂಟನೆಯ ಕ್ಲಾಸಿನಲ್ಲಿದ್ದಾಗ ಒಂದು ಶುಕ್ರವಾರ ಮಧ್ಯಾಹ್ನ ಜಗತ್ತು ಹುಟ್ಟಿದ ಕತೆ ಹೇಳುತ್ತಿದ್ದೆ. ಮೊದಲ ದಿನ ಬೆಳಕು, ಆಮೇಲೆ ಆಕಾಶ, ಆಮೇಲೆ ನೆಲ, ಗಿಡ, ಸೂರ್ಯಚಂದ್ರ, ಮೀನು, ಹಕ್ಕಿ, ಮನುಷ್ಯ. ಏಳನೆಯ ದಿನ ದೇವರು ವಿಶ್ರಾಂತಿ ತೆಗೆದುಕೊಂಡ. “ಯಾವ ದಿನ ಅದು?” ಎಂದು ಕೇಳಿದೆ.

“ಫ್ರೈಡೇ!” ಎಂದು ಎಲ್ಲ ಮಕ್ಕಳೂ ಒಟ್ಟಿಗೆ ಕೂಗಿದವು.

ನಗು ಬಂತು. “ಅಲ್ಲ, ಸರಿಯಾಗಿ ಎಣಿಸಿ” ಎಂದೆ. ರುಸ್ತಾಕಿನ ನರ್ಸಿನ ದೊಡ್ಡ ಮಗಳು ಬೆರಳು ಮಡಚಿ ಎಣಿಸಿದಳು: ಸ್ಯಾಟರ್‌ಡೇ ಒಂದು, ಸಂಡೇ ಎರಡು, ಮಂಡೇ ಮೂರು. ಏಳನೆಯ ಬೆರಳಿಗೆ ಶುಕ್ರವಾರ ಬಂದು ನಿಂತಿತು. ಅವಳ ಲೆಕ್ಕದಲ್ಲಿ ತಪ್ಪೇ ಇರಲಿಲ್ಲ. ಅವರ ಸ್ಕೂಲಿನ ವಾರ ಶನಿವಾರ ಶುರುವಾಗುತ್ತದೆ, ಮನೆಯ ದೀಪ ಗುರುವಾರ ಹತ್ತುತ್ತದೆ. ದೇವರು ಶುಕ್ರವಾರ ಅಲ್ಲದೆ ಇನ್ನು ಯಾವಾಗ ಮಲಗಿಯಾನು?

ಶನಿವಾರ ಎಂದರೇನು ಎಂದು ಕೇಳಿದೆ. “ಸ್ಕೂಲ್” ಎಂದಿತು ಒಂದು ಮಗು. ಹೀಬ್ರೂ ಹೋದರೂ, ಪುಸ್ತಕ ಹೋದರೂ, ಊಟಕ್ಕಿಲ್ಲದಿದ್ದರೂ ಬಿಡದೆ ಹಿಡಿದುಕೊಂಡು ಬಂದ ಒಂದೇ ಒಂದು ವಸ್ತು, ಅದನ್ನು ನಾವು ಒಂದು ತಲೆಮಾರಿನಲ್ಲಿ, ಎ.ಸಿ. ಹಾಕಿದ ಕೋಣೆಯಲ್ಲಿ ಕೂತು, ಹೊಟ್ಟೆತುಂಬ ಉಂಡು ಕಳೆದುಕೊಂಡಿದ್ದೆವು. ಕಳೆದಿದೆ ಎಂದು ಮಕ್ಕಳಿಗೆ ಗೊತ್ತೂ ಇರಲಿಲ್ಲ.

ಒಳಗೆ ಹೋಗಿ ಮಲಗಿದ್ದ ಕಾಕಾನನ್ನು ಎಬ್ಬಿಸಿದೆ. ನಮ್ಮ ಜಗಳ ನಡೆದದ್ದು ಮರಾಠಿಯಲ್ಲಿ. ನೆನಪಾಗುವುದು ಮಾತ್ರ ಹುಬ್ಬಳ್ಳಿಯ ಮಾತಿನಲ್ಲೇ.

“ಕಾಕಾ, ಮುಂದಿನ ವಾರದಿಂದ ನಮ್ಮ ಮನ್ಯಾಗ ದೀಪ ಶುಕ್ರವಾರ ಸಂಜೀಗೆ ಹತ್ತತೈತಿ. ಬರೋರು ಬರ್ರಿ.”

“ಶನಿವಾರ ಆಫೀಸಿಗೆ ಯಾರು ಹೋಗ್ತಾರವ್ವಾ? ನೀ ಹೋಗ್ತೀಯೇನು?” ಎಂದರು ಕಣ್ಣುಜ್ಜಿಕೊಂಡು.

“ಹೋಗೋರು ಹೋಗ್ಲಿ. ನಾನೇನು ಬ್ಯಾಡ ಅನ್ನಂಗಿಲ್ಲ.”

“ನಿಮ್ಮಪ್ಪ ರೈಲ್ವೆ ವರ್ಕ್‌ಶಾಪಿಗೆ ಶನಿವಾರ ಹೋಗ್ತಿರಲಿಲ್ಲೇನು?” ಕಾಕಾ ಸುಮ್ಮನೆ ಮ್ಯಾನೇಜರ್ ಆದವರಲ್ಲ. ಎಲ್ಲಿ ಹೊಡೆಯಬೇಕು ಎಂದು ಗೊತ್ತು.

“ಹೋಗ್ತಿದ್ದ. ಮಾರಿ ಸಣ್ಣದು ಮಾಡ್ಕೊಂಡು ಹೋಗ್ತಿದ್ದ. ಇವತ್ತು ಶನಿವಾರ ಅಂತ ಗೊತ್ತಿದ್ದು ಮುರೀತಿದ್ದ. ಮುರದದ್ದನ್ನ ಶುಕ್ರವಾರ ಅಂತ ಕರೀಲಿಲ್ಲ.”

ಕಾಕಾನ ಮುಖ ಕೆಂಪಾಯಿತು. ನನ್ನ ಗಂಡ ನನ್ನ ತೋಳು ಹಿಡಿದರು, ಕೊಡವಿದೆ. ಹೆಂಗಸಿಗೆ ಇಷ್ಟು ಬಾಯಿ ಇರಬಾರದು ಎಂದು ಸುವೈಕಿನವನು ಮೂಲೆಯಿಂದ ಗೊಣಗಿದ. ಅವನು ಆಗಲೇ ಮೂರು ಬಟ್ಟಲು ಶರಬತ್ತು ಕುಡಿದಿದ್ದ, ನಾನು ಕಿವುಚಿದ ಶರಬತ್ತು, ಅದನ್ನೂ ಹೇಳಿದೆ. ಸಂಜೆಯೊಳಗೆ ಎಲ್ಲರೂ ಕಾರು ಹತ್ತಿ ಹೋದರು. ಮುಂದಿನ ವಾರದಿಂದ ಸಭೆ ರೂವಿಯ ಕಾಕಾನ ಮನೆಗೆ ಬದಲಾಯಿತು. ಮಕ್ಕಳ ಪಾಠವನ್ನು ಕಾಕಾನ ಸೊಸೆ ವಹಿಸಿಕೊಂಡಳಂತೆ. ನನಗೆ ಯಾರೂ ಏನೂ ಹೇಳಲಿಲ್ಲ, ಕರೆಯಲಿಲ್ಲ, ಅಷ್ಟೇ.

ಆ ಮೊದಲ ಶುಕ್ರವಾರ ಮಧ್ಯಾಹ್ನ ದೊಡ್ಡ ಹಾಲ್‌ನಲ್ಲಿ ಕೂತು ಅತ್ತೆ, ಸುಳ್ಳು ಯಾಕೆ ಹೇಳಲಿ. ಆ ಮಕ್ಕಳ ಗಲಾಟೆ ಇಲ್ಲದೆ ಮನೆ ಕಚ್ಚಲು ಬರುತ್ತಿತ್ತು. ಸಂಜೆಯಾಗುತ್ತಲೇ ಎದ್ದು, ಗಾಜಿನ ಲೋಟದಲ್ಲಿ ನೀರು, ಮೇಲೆ ಕೊಬ್ಬರಿ ಎಣ್ಣೆ ಹಾಕಿ, ಬತ್ತಿ ತೇಲಿಬಿಟ್ಟು ಹಚ್ಚಿದೆ. ನನ್ನ ಅಜ್ಜಿ ಹಾಗೆಯೇ ಹಚ್ಚುತ್ತಿದ್ದಳು. ಕಾಕಾನ ಕಾಲದಲ್ಲಿ ಹಾಲ್‌ನ ಕಿಟಕಿಗೆ ದಪ್ಪ ಪರದೆ ಎಳೆಯುವ ಪದ್ಧತಿ. ಅವತ್ತು ಪರದೆ ಸರಿಸಿ, ದೀಪವನ್ನು ಕಿಟಕಿಯ ಪಕ್ಕದಲ್ಲೇ ಇಟ್ಟೆ. ನೋಡುವವರು ನೋಡಲಿ.

ಮರುದಿನ ಬೆಳಿಗ್ಗೆ ಗಂಡ ಟೈ ಕಟ್ಟಿಕೊಂಡು ಹೊರಟರು. ಬಾಗಿಲಲ್ಲಿ ನಿಂತು, “ನನ್ನ ಕಡೆ ಹಂಗ ನೋಡಬ್ಯಾಡ. ನಾ ಶನಿವಾರ ಮಾರಿದಾಂವ” ಎಂದರು. ಆ ಮಾತಿಗೆ ನನಗೆ ಅವರ ಮೇಲೆ ಇದ್ದ ಸಿಟ್ಟೆಲ್ಲ ಇಳಿಯಿತು. ಅವರ ಶನಿವಾರ ಕಂಪನಿಯದ್ದು. ಅದರಲ್ಲೇ ನಮ್ಮ ಅನ್ನ. ಆದರೆ ಮಗಳ ಶನಿವಾರವನ್ನು ನಾವಿನ್ನೂ ಯಾರಿಗೂ ಮಾರಿರಲಿಲ್ಲ. ಅವತ್ತು ಅವಳನ್ನು ಸ್ಕೂಲಿಗೆ ಕಳಿಸಲಿಲ್ಲ.

ಮೊದಮೊದಲು ಅವಳಿಗೆ ಖುಷಿಯೋ ಖುಷಿ. ಯಾವ ಮಗುವಿಗೆ ಆಗುವುದಿಲ್ಲ? ಮೂರು ದಿನ ರಜೆ. ನಾನು ಟಿ.ವಿ. ಹಾಕಗೊಡಲಿಲ್ಲ, ಬರೆಯಗೊಡಲಿಲ್ಲ, ಇಬ್ಬರೂ ಕೂತು ಓದುವುದು, ಕತೆ, ಹಿಂದಿನ ದಿನದ ಅಡಿಗೆ. ಕೆಲವು ವಾರ ಕಳೆದ ಮೇಲೆ ಬೇಸರ ಬಂತು ಅವಳಿಗೆ. ಗೆಳತಿಯರೆಲ್ಲ ಅಲ್ಲಿ, ಇವಳು ಇಲ್ಲಿ. ಆಮೇಲೆ ಬೇಸರವೂ ಹೋಯಿತು. ಶುಕ್ರವಾರ ಸಂಜೆ ಹೊರಗೆ ಆಡುತ್ತಿದ್ದವಳು ತಾನೇ ಬಂದು ಕೈಕಾಲು ತೊಳೆದು ದೀಪದ ಮುಂದೆ ನಿಲ್ಲತೊಡಗಿದಳು. ಯಾಕೆ ಹಾಗಾಯಿತು ಎಂದು ನಾನು ಕೇಳಲಿಲ್ಲ. ಕೇಳಿದರೆ ಆ ವಯಸ್ಸಿನವರು ಬಿಟ್ಟುಬಿಡುತ್ತಾರೆ.

ಶನಿವಾರದ ಪಾಠಗಳನ್ನು ಭಾನುವಾರ ಗೆಳತಿಯ ಪುಸ್ತಕ ನೋಡಿ ಬರೆದುಕೊಂಡು ಎಂಟನೆಯದು ದಾಟಿದಳು; ಆ ವರ್ಷ ಯಾವ ಪರೀಕ್ಷೆಯೂ ಶನಿವಾರ ಬಿದ್ದಿರಲಿಲ್ಲ. ಒಂಬತ್ತನೆಯದರಲ್ಲೂ ಹಾಗೇ ನಡೆಯಿತು. ಕ್ಲಾಸ್ ಟೀಚರು ಎರಡು ಮೂರು ಸಲ ಫೋನ್ ಮಾಡಿ ಏನು ಕಾಯಿಲೆ ಎಂದು ವಿಚಾರಿಸಿದರು. ಕಾಯಿಲೆ ಇಲ್ಲ, ಮನೆಯ ಪದ್ಧತಿ ಎಂದೆ. ಅದು ಎಂಥ ಪದ್ಧತಿ ಎಂದು ಅವರಿಗೆ ಕೇಳಲು ಧೈರ್ಯ ಬರಲಿಲ್ಲ. ಕೊನೆಗೆ ವಾರ್ಷಿಕ ಪರೀಕ್ಷೆಯ ವೇಳಾಪಟ್ಟಿ ಬಂತು. ಗಣಿತ, ಶನಿವಾರ.

ಹೆಡ್‌ಮಿಸ್ಟ್ರೆಸ್ಸನ್ನು ನೋಡಲು ಹೋದೆ. ಮಂಗಳೂರು ಕಡೆಯ ಕ್ರೈಸ್ತ ಹೆಂಗಸು, ಒಳ್ಳೆಯವರು, ಕನ್ನಡದಲ್ಲೇ ಮಾತಾಡಿಸಿದರು.

“ವರ್ಷವಿಡೀ ಶನಿವಾರ ಬರಲಿಲ್ಲ, ನಾನು ಎಂತ ಹೇಳಲಿಲ್ಲ ಅಲ್ವಾ? ಮಾರ್ಕ್ಸ್ ಒಳ್ಳೆದುಂಟು, ಹುಡುಗಿ ಒಳ್ಳೆಯವಳು. ಆದ್ರೆ ಪರೀಕ್ಷೆಗೆ ಬರ್ಲೇಬೇಕು. ಎಂತ ಕಾರಣ, ಹೇಳಿ ನೋಡುವ.”

ಆ ದೇಶಕ್ಕೆ ಬಂದ ಮೇಲೆ ಮೊದಲ ಬಾರಿ ಹೇಳಿದೆ. “ನಾವು ಯಹೂದಿಗಳು ಮೇಡಂ. ಶನಿವಾರ ನಮ್ಮ ವಿಶ್ರಾಂತಿಯ ದಿನ. ಅವತ್ತು ಬರೆಯೋ ಹಾಗಿಲ್ಲ.”

ಅವರು ಎದ್ದರು. ಕಾರಿಡಾರಿನ ಕಡೆ ಒಮ್ಮೆ ನೋಡಿ ಬಾಗಿಲು ಮುಚ್ಚಲು ಹೊರಟರು. ನನಗಾಗಿಯೇ, ನನ್ನ ಒಳ್ಳೆಯದಕ್ಕೇ.

“ಬಾಗಿಲು ತೆರೆದೇ ಇರಲಿ ಮೇಡಂ” ಎಂದೆ.

ಕೈ ಚಿಲಕದ ಮೇಲೆ ಇಟ್ಟುಕೊಂಡೇ ನಿಂತರು. ಅಷ್ಟು ಹಗುರ ನನಗೆ ಎಷ್ಟೋ ವರ್ಷಗಳಿಂದ ಅನ್ನಿಸಿರಲಿಲ್ಲ. ಹೊರಗೆ ಮಕ್ಕಳು ನೀರಿನ ಬಾಟಲಿ ಹಿಡಿದು ಓಡಾಡುತ್ತಿದ್ದವು. ಒಬ್ಬ ಜವಾನ ಇಣುಕಿ ನೋಡಿ, ಟ್ರೇಯಲ್ಲಿದ್ದ ಟೀ ಇಟ್ಟು ಹೋದ. ಅಷ್ಟೇ ಆದದ್ದು.

ಮೇಡಂ ಬಂದು ಕೂತರು. ಒಂದು ಮಗುವಿಗಾಗಿ ಬೇರೆ ಪ್ರಶ್ನೆಪತ್ರಿಕೆ ಮಾಡಿದರೆ ನಾಳೆ ಹತ್ತು ಜನ ಬರುತ್ತಾರೆ, ತನ್ನ ಮೇಲೆ ಕಮಿಟಿ ಇದೆ, ಗೈರುಹಾಜರಿ ಎಂದರೆ ಸೊನ್ನೆ, ಗಣಿತದಲ್ಲಿ ಸೊನ್ನೆ ಎಂದರೆ ಅದೇ ಕ್ಲಾಸಿನಲ್ಲಿ ಮತ್ತೊಂದು ವರ್ಷ. ಇದನ್ನೆಲ್ಲ ಮೆಲ್ಲಗೆ, ಬೇಸರದಿಂದಲೇ ಹೇಳಿದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರ ನಿಯಮ ಅವರಿಗೆ, ನನ್ನದು ನನಗೆ. ಎದ್ದು ಬರುವಾಗ, “ಯೋಚನೆ ಮಾಡಿ, ಮಗುವಿನ ವರ್ಷ ಅದು” ಎಂದರು.

ಸುದ್ದಿ ಕಾಕಾನಿಗೆ ಹೇಗೆ ಮುಟ್ಟಿತೋ ಗೊತ್ತಿಲ್ಲ. ಗಂಡನೇ ಹೇಳಿರಬೇಕು. ಪರೀಕ್ಷೆಗೆ ಮುಂಚಿನ ಗುರುವಾರ ಬಂದರು, ಆ ಜಗಳದ ನಂತರ ಮೊದಲ ಸಲ. ಸ್ಕೂಲಿನಲ್ಲಿ ನಾನು ಬಾಯಿಬಿಟ್ಟದ್ದೂ ಅವರಿಗೆ ಗೊತ್ತಾಗಿತ್ತು. ನಮ್ಮೆಲ್ಲರ ತಲೆಯ ಮೇಲೆ ಕಲ್ಲು ಎಳೆದೆ ಎಂದು ಕೂಗಾಡಬಹುದು ಎಂದು ನಾನು ಸೆರಗು ಬಿಗಿದು ಸಿದ್ಧಳಾಗಿದ್ದೆ. ಕೂಗಲಿಲ್ಲ. ನೀರು ಕೇಳಿ ಕುಡಿದರು.

“ನನ್ನ ಮ್ಯಾಲೆ ಸಿಟ್ಟಿದ್ರ ನನ್ನ ಮ್ಯಾಲೆ ತೀರಿಸ್ಕೊ. ಆ ಹುಡಿಗಿ ವರ್ಷ ಯಾಕ ಹಾಳು ಮಾಡ್ತೀ? ಒಂದು ಶನಿವಾರ ಬರೆದು ಬರ್ಲಿ. ದೇವರು ಕ್ಷಮಿಸ್ತಾನ.”

ಮಗಳು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಸಾಮಾನ್ಯವಾಗಿ ಹಿರಿಯರ ಮುಂದೆ ಬಾಯಿ ಬಿಡದ ಹುಡುಗಿ, ಅರ್ಧ ಮರಾಠಿ ಅರ್ಧ ಇಂಗ್ಲಿಷಿನಲ್ಲಿ ಕೇಳಿದಳು: “ಅಜ್ಜಾ, ನಿಮ್ಮ ಮನೆಯಲ್ಲಿ ಗಾಣ ಇತ್ತಂತೆ. ಅದನ್ನು ಶನಿವಾರ ತಿರುಗಿಸುತ್ತಿದ್ದರಾ?”

“ನಮ್ಮ ಅಜ್ಜನ ಕಾಲದಾಗ ಇತ್ತು” ಎಂದರು ಕಾಕಾ. “ಇಲ್ಲ. ತಿರುಗಿಸ್ತಿರಲಿಲ್ಲ.”

“ಒಂದು ಶನಿವಾರವೂ?”

ಕಾಕಾ ಲೋಟ ಕೆಳಗಿಟ್ಟರು. ನನ್ನ ಗಂಡನ ಜೊತೆ ಪೆಟ್ರೋಲಿನ ಬೆಲೆ, ಬೋನಸ್ಸು ಮಾತಾಡಿ, ಎದ್ದು ಹೋದರು. ಅವರು ಬದಲಾಗಲಿಲ್ಲ. ನಿವೃತ್ತಿಯಾಗಿ ಮುಂಬಯಿಗೆ ಹೋಗುವವರೆಗೂ ಶುಕ್ರವಾರವೇ ಪ್ರಾರ್ಥನೆ ನಡೆಸಿದರು. ಅದೇ ಒಳ್ಳೆಯ ಕಂಠದಲ್ಲಿ ನಡೆಸಿರುತ್ತಾರೆ.

ಶುಕ್ರವಾರ ಸಂಜೆ ದೀಪ ಹಚ್ಚಿದೆವು. ಮಗಳು ಪ್ರಾರ್ಥನೆ ಹೇಳಿದಳು. ಗಂಡ ಆಮೇನ್ ಎಂದರು, ನನ್ನ ಮುಖ ನೋಡಲಿಲ್ಲ.

ಬೆಳಿಗ್ಗೆ ಎಚ್ಚರಾದಾಗ ನನ್ನ ಧೈರ್ಯವೆಲ್ಲ ಎಲ್ಲೋ ಇಳಿದುಹೋಗಿತ್ತು. ಜಗಳವಾಡುವಾಗ ಅದು ನನ್ನ ಜಗಳ. ಸೊನ್ನೆ ಬೀಳುವುದು ಅವಳಿಗೆ. ನನ್ನ ಅಜ್ಜಿಯ ಮೂಗು ಅರಳಿತೆಂದು ಈ ಹುಡುಗಿ ಯಾಕೆ ಒಂದು ವರ್ಷ ಕೊಡಬೇಕು? ಬಸ್ಸು ಬರಲು ಇನ್ನೂ ಹೊತ್ತಿತ್ತು. ಎದ್ದು, ಸದ್ದು ಮಾಡದೆ ಅವಳ ಯೂನಿಫಾರ್ಮ್ ತೆಗೆದು, ಮೇಜಿನ ಮೇಲೆ ಹೊದಿಕೆ ಹಾಸಿ, ಇಸ್ತ್ರಿಪೆಟ್ಟಿಗೆಯ ಸ್ವಿಚ್ ಹಾಕಿದೆ. ಅದು ಬಿಸಿಯಾಗುವುದನ್ನು ಕಾಯುತ್ತಾ ನಿಂತೆ.

“ಆಯಿ.”

ತಿರುಗಿದೆ. ನಿದ್ದೆಗಣ್ಣಿನಲ್ಲಿ, ಕೂದಲು ಕೆದರಿಕೊಂಡು ನಿಂತಿದ್ದಳು.

“ಆಯಿ, ಇವತ್ತು ಶನಿವಾರ” ಎಂದಳು.

“ನನಗ ಗೊತ್ತೈತಿ. ನಿನಗ ಹೋಗಬೇಕು ಅನ್ನಿಸಿದ್ರ ಹೋಗು. ನಾ ಏನೂ ಅನ್ನಂಗಿಲ್ಲ. ನಿನ್ನ ವರ್ಷ ಅದು, ನಂದಲ್ಲ.”

“ನಂದೇ” ಎಂದಳು. ಹತ್ತಿರ ಬಂದು ಮೇಜಿನ ಮೇಲಿನ ಯೂನಿಫಾರ್ಮನ್ನು ಮುದ್ದೆ ಮಾಡಿ ಕಂಕುಳಲ್ಲಿ ಇಟ್ಟುಕೊಂಡಳು. “ಶನಿವಾರ ಕೂಡ ನಂದೇ. ನೀನು ಕೊಟ್ಟಿದ್ದು ವಾಪಸ್ ಕೇಳಬೇಡ.” ಹೋಗಿ ಮತ್ತೆ ಮಲಗಿದಳು.

ಕಾದ ಇಸ್ತ್ರಿಪೆಟ್ಟಿಗೆ ಅಲ್ಲೇ ನಿಂತಿತ್ತು. ಶಬ್ಬಾತಿನಲ್ಲಿ ಬೆಂಕಿ ಹೊತ್ತಿಸುವುದೂ ಆರಿಸುವುದೂ ಕೂಡದು; ಸ್ವಿಚ್ ಆರಿಸಲೂ ಆಗದೆ ಬಿಡಲೂ ಆಗದೆ ನಾನು ಅದರ ಮುಂದೆ ನಿಂತಿದ್ದೆ. ಗಂಡ ಟೈ ಕಟ್ಟಿಕೊಳ್ಳುತ್ತಾ ಬಂದು, ಎಲ್ಲವನ್ನೂ ಒಮ್ಮೆ ನೋಡಿ, ತಾವೇ ಸ್ವಿಚ್ ಆರಿಸಿ ಆಫೀಸಿಗೆ ಹೋದರು. ಕೆಳಗೆ ಸ್ಕೂಲ್ ಬಸ್ಸು ಎರಡು ಸಲ ಹಾರ್ನ್ ಹೊಡೆಯಿತು. ಡ್ರೈವರ್ ಸ್ವಲ್ಪ ಕಾದ. ಆಮೇಲೆ ಹೋದ.

ಸೊನ್ನೆ ಬಂತು. ಮಿಕ್ಕ ವಿಷಯಗಳಲ್ಲೆಲ್ಲ ಒಳ್ಳೆಯ ಅಂಕ, ಗಣಿತದಲ್ಲಿ ಗೈರುಹಾಜರಿ, ಒಂಬತ್ತನೆಯ ಕ್ಲಾಸಿನಲ್ಲೇ ಇನ್ನೊಂದು ವರ್ಷ. ಅವಳ ಗೆಳತಿಯರು ಹತ್ತಕ್ಕೆ ಹೋದರು, ಫೋನು ಕಡಿಮೆಯಾಯಿತು. ಕೋಣೆಯ ಬಾಗಿಲು ಹಾಕಿಕೊಂಡು ಅತ್ತಳು. ನಾನು ಹೊರಗೆ ಕೂತು ಕೇಳಿಸಿಕೊಂಡೆ. ವೀಸಾ ರದ್ದಾಗಲಿಲ್ಲ, ಕಫೀಲ್ ಕರೆಸಲಿಲ್ಲ, ಕಾಕಾ ಹೆದರಿಸಿದ ಒಂದೂ ಆಗಲಿಲ್ಲ. ಎದುರು ಮನೆಯ ಅಕ್ಕನಿಗೆ ನಾನೇ ಹೋಗಿ ಎಲ್ಲ ಹೇಳಿದೆ, ಸಿಗಡಿಯ ವಿಷಯ ಸಹಿತ. ಅವರು ಕೇಳಿಸಿಕೊಂಡು, “ಅಷ್ಟು ವರ್ಷ ನನ್ನ ಹತ್ರ ಸುಳ್ಳು ಹೇಳಿದ್ದಾ?” ಎಂದು ನೊಂದುಕೊಂಡರು. ಆಮೇಲೆ ಎರಡು ದಿನ ಬಿಟ್ಟು ಮೀನಿನ ಪಾತ್ರೆ ಹಿಡಿದು ಬಂದು, “ಇದಕ್ಕೆ ಹುರುಪೆ ಉಂಟು, ನೋಡಿಯೇ ತಂದದ್ದು” ಎಂದರು. ಮಗಳ ವಿಷಯದಲ್ಲಿ ಮಾತ್ರ ಒಪ್ಪಲಿಲ್ಲ. “ಒಂದು ದಿನ ಹೋಗಿದ್ರೆ ಎಂತ ಆಗ್ತಿತ್ತು ಮಾರಾಯ್ತಿ? ಪಾಪದ ಹುಡುಗಿ” ಎಂದು ಮತ್ತೆ ಮತ್ತೆ ಅಂದರು. ಎಂತ ಆಗುತ್ತಿತ್ತು ಎಂದು ಅವರಿಗೆ ಹೇಳಿ ತಿಳಿಸಲು ನನ್ನಿಂದ ಆಗಲಿಲ್ಲ.

ರುಸ್ತಾಕಿನ ನರ್ಸು ಒಮ್ಮೆ ಫೋನ್ ಮಾಡಿದಳು. ನಾನೂ ಶುಕ್ರವಾರ ಸಂಜೆ ದೀಪ ಹಚ್ಚತೊಡಗಿದ್ದೇನೆ, ಶನಿವಾರ ಡ್ಯೂಟಿ ಇದ್ದರೆ ಹೋಗುತ್ತೇನೆ, ಆದರೆ ದಿನ ಯಾವುದು ಎಂದು ಮಕ್ಕಳಿಗೆ ಹೇಳಿದ್ದೇನೆ ಎಂದಳು. ಕಾಕಾನಿಗೆ ತಿಳಿಸಬೇಡ ಎಂದೂ ಸೇರಿಸಿದಳು. ನಕ್ಕು ಫೋನಿಟ್ಟೆ.

ಆ ವರ್ಷವನ್ನು ಮಗಳಿಂದ ನಾನು ಕಿತ್ತುಕೊಂಡೆನೋ, ಅವಳೇ ಕೊಟ್ಟಳೋ ಎಂದು ರಜೆಯಿಡೀ ತಲೆ ಕೆಡಿಸಿಕೊಂಡಿದ್ದೆ. ಬೇಡವೆನಿಸಿದರೆ ಇನ್ನು ಮುಂದೆ ಬಿಟ್ಟುಬಿಡಲಿ, ನಾನು ತಡೆಯುವುದಿಲ್ಲ ಎಂದು ಗಂಡನ ಮುಂದೆ ಹೇಳಿಯೂ ಇದ್ದೆ. ಮಗಳಿಗೆ ಮಾತ್ರ ಏನೂ ಹೇಳಲಿಲ್ಲ. ಹೊಸ ಪುಸ್ತಕಗಳು ಬೇಕಾಗಲಿಲ್ಲ, ಹಳೆಯವಕ್ಕೇ ಅವಳು ಕೂತು ಬೈಂಡು ಹಾಕಿದಳು.

ಏಪ್ರಿಲಿನಲ್ಲಿ ಸ್ಕೂಲು ಶುರುವಾಯಿತು. ಒಂಬತ್ತನೆಯ ಕ್ಲಾಸಿನ ಮೊದಲ ದಿನ, ಬೆಂಚು ಹಂಚುವ ದಿನ, ಹೊಸ ಹುಡುಗಿಯರ ನಡುವೆ ಹಳಬಳಾಗಿ ಕೂರಬೇಕಾದ ದಿನ, ಅದೂ ಶನಿವಾರವೇ ಬಿತ್ತು. ಅವಳು ಭಾನುವಾರ ಹೋದಳು.